ಅಲಾಸ್ಕಾ ಸುತ್ತಿ ಬಂದ ಅಳಿಯ

ಮಗಳನ್ನು ನೋಡಲು ಬಂದ ಗಂಡು ಉಪ್ಪಿಟ್ಟು ತಿಂದು ಹೊರಟದ್ದೇ ತಡ, ಗುಬ್ಬಿಯ ಭೂಗೋಳದ ಮೇಷ್ಟ್ರು ಚನ್ನವೀರಯ್ಯನವರು ಗೋಡೆಯ ಮೇಲಿನ ಪ್ರಪಂಚದ ಭೂಪಟಕ್ಕೆ ಅಡಿಪಟ್ಟಿ ಹಚ್ಚಿ ನಿಂತರು. ಹುಡುಗ ತುಮಕೂರಿನ ಸದಾಶಿವನಗರದವನು, ಗಡಿಯಾರದ ಕಾರ್ಖಾನೆಯಲ್ಲಿ ಇಂಜಿನಿಯರ್. ತರಬೇತಿಗೆಂದು ಅಮೆರಿಕ, ಜಪಾನು ಎರಡನ್ನೂ ಕಂಡು ಬಂದವನು. ಮಗಳು ಶಶಿಕಲಾಗೆ ಅವನು ಒಪ್ಪಿಗೆಯಾಗಿದ್ದ. (ಖಾಲಿ ಕಾಫಿ ಲೋಟಗಳನ್ನು ಅವಳು ಅಡುಗೆಮನೆ ಬಿಟ್ಟು ದೇವರ ಮನೆಯಲ್ಲಿ ಇಟ್ಟು ಬಂದಿದ್ದಳು.)

"ಹುಡುಗ ಸುಳ್ಳುಗಾರ ಕಣೇ!" ಮೇಷ್ಟ್ರು ಗರ್ಜಿಸಿದರು. "ನ್ಯೂಯಾರ್ಕಿಂದ ಟೋಕಿಯೋಗೆ ಅಲಾಸ್ಕಾ ಮೇಲೆ ಹೋದ್ನಂತೆ. ಹನ್ನೊಂದು ಸಾವಿರ ಕಿಲೋಮೀಟರಂತೆ, ಹದಿನೈದು ಗಂಟೆಯಂತೆ! ನೋಡಿಲ್ಲಿ, ಎರಡೂ ಊರು ಹೆಚ್ಚುಕಮ್ಮಿ ಒಂದೇ ಸಾಲಲ್ಲಿವೆ. ನೆಟ್ಟಗೆ ಪಶ್ಚಿಮಕ್ಕೆ ಹೋದ್ರೇ ಹದಿಮೂರು ಸಾವಿರ ಆಗುತ್ತೆ. ಸುತ್ಕೊಂಡು ಹೋದೋನಿಗೆ ಕಮ್ಮಿ ಹೆಂಗಾಯ್ತು? ಗುಬ್ಬಿಯಿಂದ ತುಮಕೂರಿಗೆ ಕುಣಿಗಲ್ ಮೇಲೆ ಹೋಗಿ, ಹತ್ತಿರ ಆಯ್ತು ಅಂದಂಗೆ!"

"ಕಂಡಿದ್ದನ್ನ ಹೇಳಿದಾನೆ ಬಿಡಿ. ವಿಮಾನ ನಡೆಸೋರಿಗೆ ದಾರಿ ಗೊತ್ತಿರಲ್ವೇ?" ಎಂದರು ಹೆಂಡತಿ ಸರ್ವಮಂಗಳ.

"ಇಪ್ಪತ್ತೆಂಟು ವರ್ಷ ಭೂಗೋಳ ಹೇಳಿದೀನಿ ಕಣೇ! ಸುಳ್ಳು ಹೇಳೋನಿಗೆ ಮಗಳನ್ನ ಕೊಡಲ್ಲ."

ಅಲ್ಲೇ ಕೂತು, ಸಂಬಂಧ ಬೇಡವೆಂದು ಇನ್‌ಲ್ಯಾಂಡ್ ಲೆಟರ್ ಬರೆದು, ಪೋಸ್ಟ್ ಮಾಡಲು ಹೆಂಡತಿಯ ಕೈಗೆ ಕೊಟ್ಟರು.

ಅಂದಿನಿಂದ ಶಶಿಕಲಾ ಅಪ್ಪನಿಗೆ ಅನ್ನ ಬಡಿಸುತ್ತಿದ್ದಳೇ ಹೊರತು ಮಾತು ಬಡಿಸುತ್ತಿರಲಿಲ್ಲ. ನಾಲ್ಕನೆಯ ದಿನಕ್ಕೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ತಾಯಿ ಮಗಳಿಬ್ಬರಿಗೂ ಸತ್ಯದರ್ಶನ ಮಾಡಿಸಲೆಂದು ಸ್ಕೂಲಿನ ಗ್ಲೋಬನ್ನೇ ಕಂಕುಳಲ್ಲಿಟ್ಟುಕೊಂಡು ಬಂದರು.

ಸರ್ವಮಂಗಳ ಸೋಮವಾರದ ಪೂಜೆಗೆ ಕಳಸಕ್ಕೆ ದಾರ ಸುತ್ತುತ್ತಿದ್ದರು. ಗ್ಲೋಬನ್ನು ಒಮ್ಮೆ ನೋಡಿದರು, ಕಳಸವನ್ನು ಒಮ್ಮೆ ನೋಡಿದರು.

"ದಾರ ಬಿಗಿಯಾಗಿ ಎಳೆದ್ರೆ ಕಳಸದ ಕಂಠದ ಕಡೆಗೇ ಜಾರುತ್ತೆ ಕಣ್ರೀ. ಇದೂ ದುಂಡಗೇ ಐತಲ್ಲ. ನ್ಯೂಯಾರ್ಕ್ ಮೇಲೆ ಬೆರಳಿಡಿ, ಟೋಕಿಯೋ ಎಲ್ಲಿ ತೋರ್ಸಿ."

ದಾರದ ಒಂದು ತುದಿಯನ್ನು ಮೇಷ್ಟ್ರು ಒತ್ತಿ ಹಿಡಿದರು, ಇನ್ನೊಂದನ್ನು ಸರ್ವಮಂಗಳ ಟೋಕಿಯೋ ಮೇಲಿಟ್ಟು ಬಿಗಿಯಾಗಿ ಎಳೆದರು. ದಾರ ತಾನಾಗಿ ಕೆನಡಾ ಹತ್ತಿ, ಹೋಗಿ ಅಲಾಸ್ಕಾದ ಮೇಲೆ ಕೂತಿತು! ಮೇಷ್ಟ್ರು ಅದೇ ದಾರವನ್ನು ಕೆಳಗೆ ಜಗ್ಗಿ ನೆಟ್ಟಗೆ ಪಶ್ಚಿಮಕ್ಕೆ ಹಾಯಿಸಿದರು. ಟೋಕಿಯೋ ಮುಟ್ಟಲು ಎರಡು ಬೆರಳು ಸಾಲದೆ ತುದಿ ಸಮುದ್ರಕ್ಕೆ ಬಿತ್ತು.

ಮೇಷ್ಟ್ರು ದಾರ ಬಿಟ್ಟು ಹೆಂಡತಿಯ ಕಡೆ ತಿರುಗಿದರು. ಭೂಮಿ ದುಂಡಗಿದೆ ಎಂದು ಇಪ್ಪತ್ತೆಂಟು ವರ್ಷ ಹೇಳಿಕೊಟ್ಟವರು ತಾವು, ಅದನ್ನು ನಿಜವಾಗಿ ನಂಬಿದವಳು ಇವಳೊಬ್ಬಳೇ. ಕಡಬದಲ್ಲಿ ಏಳನೇ ಕ್ಲಾಸು ಓದಿ ಬಂದ ಈ ಹೆಂಗಸಿನ ಮೇಲೆ ಮದುವೆಯ ಹೊಸತರಲ್ಲೂ ಬಾರದಷ್ಟು ಅಭಿಮಾನ ಉಕ್ಕಿಬಂತು. ಅದರ ಹಿಂದೆಯೇ ಬೇಡವೆಂದು ಬರೆದದ್ದು ನೆನಪಾಯಿತು.

"ಅಯ್ಯಯ್ಯೋ, ಆ ಕಾಗದ! ತುಮಕೂರು ಬಸ್ಸು ಎಷ್ಟೊತ್ತಿಗೇ?" ಎನ್ನುತ್ತಾ ಶರಟನ್ನು ತಿರುಗುಮುರುಗಾಗಿ ತೊಟ್ಟುಕೊಂಡರು.

ಸರ್ವಮಂಗಳ ದಾರದ ಉಂಡೆ ಬಿಚ್ಚಿದರು. ಒಳಗೆ ಮಡಿಸಿಟ್ಟ ನೀಲಿ ಇನ್‌ಲ್ಯಾಂಡ್ ಲೆಟರ್!

"ದಾರ ಸುತ್ತೋಕೆ ಕಾಗದ ಬೇಕಾಗಿತ್ತು."

ಮೇಷ್ಟ್ರು ಪೆನ್ನಿಗೆ ಕೈ ಹಾಕಿದರು. "ನೀನು ಸಾಮಾನ್ಯಳಲ್ಲ ಕಣೇ! ತಾ ಇನ್ನೊಂದು ಕಾಗದ, ಈಗಲೇ ಒಪ್ಪಿಗೆ ಬರೆದುಬಿಡ್ತೀನಿ."

"ಒಪ್ಪಿಗೆ ಕಾಗದ ಅವತ್ತೇ ಹೋಯ್ತು. ಬರೆದೋಳು ನಾನು, ನಿಮ್ಮ ಸಹಿ ಹಾಕಿದೋಳು ಶಶಿ. ನಿಮಗಿಂತ ಚೆನ್ನಾಗೇ ಹಾಕ್ತಾಳೆ."