ಅತ್ತೆಯ ಸಿಟ್ಟು, ಬಯಲಿನ ನೆರಳು

ನಮ್ಮತ್ತೆಯ ಬೈಗುಳ ತಿನ್ನದವರು ಅಂಕೋಲಾ ತಾಲೂಕಿನಲ್ಲಿ ಯಾರಾದರೂ ಇದ್ದರೆ, ಅವರು ಇನ್ನೂ ಹುಟ್ಟಿರಲಿಕ್ಕಿಲ್ಲ! ನನ್ನ ಅಪ್ಪನ ಅಕ್ಕ ಆಕೆ. ವಯಸ್ಸು ಎಪ್ಪತ್ತರ ಹತ್ತಿರ. ಭಾವಿಕೇರಿಯ ಕಡೆ ಅವಳಿಗೆ ಒಂದು ಗದ್ದೆ, ಒಂದು ಎಮ್ಮೆ, ಮತ್ತು ಇಡೀ ಊರಿಗೆ ಸಾಲುವಷ್ಟು ಗಂಟಲು ಇದೆ. ನಾನು ಕಾರವಾರದ ಕಚೇರಿಯೊಂದರಲ್ಲಿ ಕುರ್ಚಿಗೆ ಅಂಟಿಕೊಂಡವನು. ನನ್ನ ಫೋನು ಸ್ವಲ್ಪ ಜೋರಾಗಿ ಬಡಿದುಕೊಂಡರೆ ಸಾಕು, ಪಕ್ಕದ ಮೇಜಿನವರೇ ಹೇಳುತ್ತಾರೆ, “ಎತ್ತಿ ಮಾರಾಯ್ರೆ, ನಿಮ್ಮತ್ತೆ ಇರ್ಬೇಕು.”

ನಾಲ್ಕು ವರ್ಷದ ಹಿಂದಿನ ಮಾರ್ಚಿನಲ್ಲಿ ಅತ್ತೆಯ ಸಿಟ್ಟಿಗೆ ಕಾರಣವಿತ್ತು. ಅವಳ ಮನೆಯ ಎದುರಿನ ಶಾಲೆಯಲ್ಲಿ ಆಟದ ಬಯಲು ದೊಡ್ಡದು ಮಾಡುತ್ತೇವೆಂದು ಇದ್ದ ಎರಡು ಮರಗಳನ್ನೂ ಕಡಿದಿದ್ದರು. ಬಯಲೇನೋ ದೊಡ್ಡದಾಯಿತು. ಆಡುವವರೆಲ್ಲಿ? ಆ ಕೆಂಡದಲ್ಲಿ ಯಾರು ಕಾಲಿಡುತ್ತಾರೆ? ಊಟದ ಬಿಡುವಿನಲ್ಲಿ ಮಕ್ಕಳೆಲ್ಲ ಗೋಡೆಯ ಪಕ್ಕದ ಒಂದು ಗೇಣು ನೆರಳಿನಲ್ಲಿ ಬೆನ್ನು ಒತ್ತಿ ನಿಲ್ಲುತ್ತಿದ್ದರು.

“ಒಣಗ್ಲಿಕ್ಕೆ ಹಾಕಿದ ಬಂಗಡೆ ಮೀನ್ ಹಾಂಗೆ ಸಾಲಾಗಿ ನಿಂತವೆ ತಮಾ! ನೋಡ್ಲಿಕ್ಕಾಗೂದಿಲ್ಲ!” ಎಂದು ಫೋನಿನಲ್ಲಿ ಗುಡುಗಿದಳು.

ಊರವರ ಸಭೆ ಕರೆಸಿಯೇ ಬಿಟ್ಟಳು. ಸಭೆ ಎಲ್ಲಿ? ಬಯಲಿನ ನಟ್ಟನಡುವೆ. ಹೊತ್ತು? ಮಧ್ಯಾಹ್ನ ಒಂದು ಗಂಟೆ! ಶಾಲಾ ಸಮಿತಿಯ ಅಧ್ಯಕ್ಷರು ಬಂದು ನಿಂತ ಕೂಡಲೇ, “ಚಪ್ಪಲಿ ಬಿಡಿ” ಎಂದಳು.

“ಯಾಕೆ ಅಕ್ಕಾ?”

“ಮಕ್ಕಳು ಕಬಡ್ಡಿ ಆಡೂದು ಚಪ್ಪಲಿ ಹಾಕ್ಕಂಡಾ? ಬಿಡಿ!”

ಅಧ್ಯಕ್ಷರು ಬಿಟ್ಟರು. ಮರುಕ್ಷಣವೇ ಆ ದೊಡ್ಡ ಮನುಷ್ಯರು ಒಂದು ಕಾಲು ಎತ್ತಿ, ಇನ್ನೊಂದು ಇಳಿಸಿ, ಕುಣಿಯತೊಡಗಿದರು. ಬಯಲಿನ ಸುತ್ತ ಗಿಡ ನೆಡಬೇಕೆಂಬ ಠರಾವು ಅರ್ಧ ನಿಮಿಷದಲ್ಲಿ ಪಾಸಾಯಿತು. ಅಷ್ಟು ಚುರುಕಾದ ಸಭೆ ಆ ಊರಲ್ಲಿ ಹಿಂದೆ ನಡೆದಿಲ್ಲ!

ಮಳೆ ಹಿಡಿದ ಮೇಲೆ ಗಿಡ ನೆಡುವ ಕಾರ್ಯಕ್ರಮಕ್ಕೆ ಅತಿಥಿಗಳು ಬಂದರು. ಜೊತೆಗೆ ಕುಂಡದಲ್ಲಿ ಬೆಳೆಸುವ ಚಂದದ ಪಾಮ್ ಗಿಡಗಳು, ಹಾರ, ಫೋಟೋ ತೆಗೆಯುವವನು. ಎಲ್ಲ ಬಂದವು, ನೆರಳೊಂದು ಬಿಟ್ಟು! ಅತ್ತೆ ಒಂದು ಗಿಡವನ್ನು ಮೇಲಿಂದ ಕೆಳಗೆ ನೋಡಿದಳು.

“ಇದ್ರ ನೆರಳಲ್ಲಿ ಇರುವೆ ಕೂತ್ರೂ ಅರ್ಧ ಮೈ ಬಿಸ್ಲಲ್ಲೇ ಇರ್ತದೆ! ಇದು ಮಕ್ಕಳಿಗೋ, ನಿಮ್ಮ ಫೋಟೋಕ್ಕೋ?”

ಫೋಟೋಕ್ಕೇ ಎಂದು ಎಲ್ಲರಿಗೂ ಗೊತ್ತಿತ್ತು. ಅತಿಥಿಗಳು ನಕ್ಕು, ಚಹಾ ಕುಡಿದು ಹೋದರು. ನೆರಳು ಕೊಡುವ ಗಿಡ ತರಬೇಕೆಂದು ನನಗೆ ಆಜ್ಞೆಯಾಯಿತು. ಮುಂದಿನ ಭಾನುವಾರ ನಾನು ಹೊಂಗೆ, ಹೊನ್ನೆ, ಕಾಡುಬಾದಾಮಿ ಸಸಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಮನೆಗೊಂದು ಗುಂಡಿ, ಮನೆಗೊಂದು ಗಿಡ. ತಾಯಂದಿರೇ ಗುದ್ದಲಿ ಹಿಡಿದರು. ಹರಿದ ಮೀನುಬಲೆಯಿಂದ ಬೇಲಿ ಕಟ್ಟಿದರು. ಬೇಸಿಗೆಯಲ್ಲಿ ದಿನಕ್ಕೊಂದು ಕೊಡ ನೀರು ಹೊರುವುದೂ ಅವರೇ ಎಂದಾಯಿತು.

ಎರಡೇ ತಿಂಗಳು. ಒಂದು ಮುಂಜಾನೆ ನೋಡಿದರೆ ಹೊಂಗೆ ಗಿಡವೊಂದು ಮೋಟಾಗಿ ನಿಂತಿದೆ! ಅತ್ತೆ ಬೀದಿಗಿಳಿದಳು. ಎಮ್ಮೆ ಕಟ್ಟಿಹಾಕದವರ ವಂಶಾವಳಿಯನ್ನೇ ಜಾಲಾಡಿದಳು. ಪಕ್ಕದ ಮನೆಯ ಸೊಸೆ ಮೆಲ್ಲಗೆ ಹೇಳಿದಳು, “ಅತ್ತೇ, ಅದು ನಿಮ್ಮದೇ ಎಮ್ಮೆ.”

ಅತ್ತೆ ಸೀದಾ ಮನೆಗೆ ನಡೆದಳು. ಆಮೇಲೆ ಎಂಟು ದಿನ ಎಮ್ಮೆಯ ಸಂಗಡ ಮಾತು ಬಿಟ್ಟಳು. ಹಿಂಡಿ ಹಾಕುವಾಗಲೂ ಮುಖ ಆಚೆ!

ಆದರೆ ನನಗೇ ರಕ್ತ ಕುದಿಯುವಂತೆ ಮಾಡಿದ್ದು ಮುಂದಿನ ವರ್ಷ ನಡೆದದ್ದು. ಯಾರೋ ದಾನಿಗಳು ಭಾಷಣಕ್ಕೊಂದು ವೇದಿಕೆ ಕಟ್ಟಿಸುತ್ತಾರಂತೆ. ಅಷ್ಟು ದೊಡ್ಡ ಬಯಲಲ್ಲಿ ಅವರಿಗೆ ಕಂಡ ಜಾಗ ಯಾವುದು? ಗಿಡಗಳ ಸಾಲೇ! ಮಕ್ಕಳು ಬೇಯಲಿ, ಭಾಷಣ ತಂಪಾಗಿರಲಿ! ಸುದ್ದಿ ತಿಳಿದು ನಾನು ಕಾರವಾರದಿಂದ ಓಡಿ ಬರುವಷ್ಟರಲ್ಲಿ ಜೇಸಿಬಿ ಮೂರು ಸಸಿಗಳನ್ನು ಬೇರುಸಹಿತ ಎತ್ತಿ ಎಸೆದಿತ್ತು. ನಾಲ್ಕನೆಯದರ ಪಕ್ಕದ ಗುಂಡಿಯಲ್ಲಿ ಅತ್ತೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

“ಏಳಿ ಅಜ್ಜೀ, ಮಣ್ಣು ಬೀಳ್ತದೆ!” ಎಂದು ಚಾಲಕ ಗೋಗರೆಯುತ್ತಿದ್ದ.

“ಬೀಳ್ಲಿ! ನನ್ನನ್ನೂ ಇಲ್ಲೇ ನೆಟ್ಟುಬಿಡು! ಚಿಗುರಿದ್ರೆ ನೆರಳಾದ್ರೂ ಆಗ್ತೆ!”

ಚಾಲಕ ಯಂತ್ರ ನಿಲ್ಲಿಸಿ ಕೆಳಗಿಳಿದ. ಅಷ್ಟರಲ್ಲಿ ನೀರು ಹೊತ್ತ ತಾಯಂದಿರೆಲ್ಲ ಬಂದು ಗುಂಡಿಯ ಸುತ್ತ ನಿಂತರು. ಸಂಜೆಯೊಳಗೆ ವೇದಿಕೆ ಬಯಲಿನ ಆಚೆ ಮೂಲೆಗೆ ಓಡಿತು. ಕಿತ್ತ ಜಾಗದಲ್ಲಿ ಹೊಸ ಸಸಿ ನೆಡುವಾಗ ಆ ಚಾಲಕನೇ ಗುಂಡಿ ತೋಡಿಕೊಟ್ಟ. ಅವನಿಗೂ ಬೈಗುಳ ತಪ್ಪಲಿಲ್ಲ, ಗುಂಡಿ ಸಣ್ಣದಾಯಿತಂತೆ!

ಕಳೆದ ತಿಂಗಳು ಊರಿಗೆ ಹೋದಾಗ ಊಟದ ಬಿಡುವಿನ ಗಂಟೆ ಹೊಡೆದಿತ್ತು. ಉಳಿದ ಗಿಡಗಳಲ್ಲಿ ಒಂದು ಹೊಂಗೆ ಮಾತ್ರ ನೆರಳು ಕೊಡುವಷ್ಟು ಬೆಳೆದಿದೆ. ಅದರ ಬುಡದಲ್ಲಿ ಏಳು ಮಕ್ಕಳು ತಟ್ಟೆ ಹಿಡಿದು ಒತ್ತೊತ್ತಾಗಿ ಕೂತಿದ್ದರು, ನಡುವೆ ಅತ್ತೆ. ಎಂಟನೆಯವಳಾಗಿ ಬಂದ ಒಬ್ಬ ಪುಟ್ಟ ಹುಡುಗಿ ಜಾಗ ಸಿಗದೆ ಅಂಚಿನಲ್ಲಿ ನಿಂತಿದ್ದಳು. ಅತ್ತೆ ಮೊಣಕಾಲು ಹಿಡಿದು ಎದ್ದಳು. ಅವಳನ್ನು ತನ್ನ ಜಾಗದಲ್ಲಿ ಕೂರಿಸಿ, ತಾನು ಬಿಸಿಲಿಗೆ ಸರಿದು ನಿಂತಳು.

“ಅತ್ತೇ, ನೆರಳಿಗೆ ಬಾ” ಎಂದೆ.

“ಜಾಗ ಇಲ್ಲ ತಮಾ” ಎಂದಳು, ಎಂದೂ ಕೇಳಿರದಷ್ಟು ಮೆತ್ತಗೆ. “ನಾ ಬರೂ ವರ್ಷ ಕೂತ್ಕಂತೆ.”