ಬಣ್ಣದ ಬುಶ್ಶೂ ತಂಗಿಯ ಗೃಹಪ್ರವೇಶವೂ

ಕುಕ್ಕರಿನ ಗ್ಯಾಸ್ಕೆಟ್ಟನ್ನು ಕಣ್ಣು ಮುಚ್ಚಿಕೊಂಡು ಬದಲಿಸುವ ಹೆಂಗಸಿಗೆ ಕಾರಿನ ಬುಶ್ಶು ಬದಲಿಸುವುದು ಯಾವ ದೊಡ್ಡ ವಿದ್ಯೆ? ಅದೂ ರಬ್ಬರು, ಇದೂ ರಬ್ಬರು. ಎರಡನ್ನೂ ಕಾಯುವವನು ಒಬ್ಬನೇ ಭಗವಂತ! ಹೀಗೆ ಯೋಚಿಸಿದ ಆ ಶುಕ್ರವಾರ ಬೆಳಿಗ್ಗೆ ನಾನು ಬಹಳ ನೆಮ್ಮದಿಯಿಂದಿದ್ದೆ. ಆಮೇಲೆ ಇರಲಿಲ್ಲ.

ವಿಷಯ ಇಷ್ಟು. ಭಾನುವಾರ ಉಯ್ಯಂಬಳ್ಳಿಯಲ್ಲಿ ನನ್ನ ತಂಗಿ ಜಯಳ ಹೊಸ ಮನೆಯ ಗೃಹಪ್ರವೇಶ. ಒಲೆಯ ಮೇಲೆ ಹಾಲು ಉಕ್ಕಿಸುವ ಮುಂಚೆ ತವರಿನವರು ಬಂದು ಹೆಣ್ಣುಮಗಳಿಗೆ ಸೀರೆ ಕೊಟ್ಟು ಮಡಿಲಕ್ಕಿ ತುಂಬಬೇಕು. ನಮಗೆ ಅಪ್ಪ ಅಮ್ಮ ಇಲ್ಲ. ಅಣ್ಣತಮ್ಮಂದಿರನ್ನು ದೇವರು ಕೊಡಲಿಲ್ಲ. ಹಾಗಾಗಿ ಜಯಳ ತವರು ಅಂದರೆ ನಾನೇ. ಅವಳ ಅತ್ತೆ ನಾಲ್ಕು ಜನರ ಎದುರಿಗೆ, "ತವರೇ ಇಲ್ದೋಳಿಗೆ ಯಾರಮ್ಮಿ ಸೀರೆ ತತ್ತಾರೆ?" ಎಂದರಂತೆ. ಜಯ ಫೋನಿನಲ್ಲಿ ಅತ್ತಳು.

"ನೋಡ್ತಿರು ಜಯ, ನಿನ್ನ ತವರು ಕಾರಲ್ಲೇ ಬತ್ತದೆ!" ಎಂದುಬಿಟ್ಟೆ.

ಕಾರು ಇತ್ತು, ಸುಳ್ಳಲ್ಲ. ಹಳೆಯದು. ಹೊಂಡ ಬಂದಾಗಲೆಲ್ಲ ಅದರ ಹೊಟ್ಟೆಯೊಳಗೆ ಗುಡುಗುಡು ಎನ್ನುತ್ತಿತ್ತು, ಅಷ್ಟೇ. ಗ್ಯಾರೇಜಿನವನು ಬಗ್ಗಿ ನೋಡಿ ಹೇಳಿದ: "ಇಂಜಿನ್ನು ಹೊತ್ಕೊಂಡಿರೋ ಕಬ್ಬಿಣದ ಚೌಕಟ್ಟು ಐತಲ್ಲಕ್ಕ, ಅದಕ್ಕೂ ಬಾಡಿಗೂ ಮಧ್ಯ ನಾಕು ರಬ್ಬರ್ ಬುಶ್ ಇರ್ತವೆ. ಪೂರ್ತಿ ಸವೆದೋಗವೆ. ಮುಂದಿನ ವಾರ ಬನ್ನಿ, ಈಗ ಕೈ ಖಾಲಿ ಇಲ್ಲ."

ಮುಂದಿನ ವಾರ! ತಂಗಿಯ ಮನೆಯ ಹಾಲು ಮುಂದಿನ ವಾರದವರೆಗೆ ಕಾಯುತ್ತದೆಯೇ?

"ಬಸ್ಸಲ್ಲಿ ಹೋಗವಾ ಕಣೆ," ಎಂದರು ನಮ್ಮವರು. ಅವರು ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಮೋಟಾರು ನೋಡಿಕೊಳ್ಳುವವರು. ಸ್ಪ್ಯಾನರು ಹಿಡಿಯಲು ಬರುತ್ತದೆ, ನನ್ನೆದುರು ಬಾಯಿ ಮಾಡಲು ಬರುವುದಿಲ್ಲ.

"ತವರು ಬಸ್ಸಲ್ಲಿ ಹೋದದಾ? ನಾವೇ ಬದಲಾಯಿಸನ ಬನ್ರೀ. ಫೋನಲ್ಲಿ ವಿಡಿಯೋ ನೋಡ್ದೆ, ಒಬ್ಬ ಮನುಷ್ಯ ಕಾಫಿ ಕುಡೀತಾ ಕುಡೀತಾ ಹಾಕ್ಬುಟ್ಟ."

"ಅವನ್ಹತ್ರ ಮಿಷಿನ್ ಐತೆ."

"ನಮ್ಹತ್ರ ಒನಕೆ ಐತೆ!"

ದೇವರಿಗೆ ದೀಪ ಹಚ್ಚಿ, ಕಾರಿನ ಮುಂದೆ ನಿಂಬೆಹಣ್ಣು ಇಟ್ಟು ಕಾರ್ಯಾರಂಭ ಮಾಡಿದೆವು. ಜಾಕಿನಲ್ಲಿ ಕಾರನ್ನು ಎತ್ತಿ, ಅಡಿಗೆ ಸೈಜುಗಲ್ಲು ಪೇರಿಸಿ, ನಮ್ಮವರು ಚಾಪೆ ಹಾಸಿಕೊಂಡು ಒಳಗೆ ನುಸುಳಿದರು. ಬೋಲ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟೆ. ಹರಳೆಣ್ಣೆ ಬಿಟ್ಟೆ. ಕೊನೆಗೆ ದೇವರ ದೀಪದ ಎಣ್ಣೆಯನ್ನೇ ಬಿಟ್ಟೆ. ಸ್ಪ್ಯಾನರಿಗೆ ಬೋರ್‌ವೆಲ್ ಪೈಪಿನ ತುಂಡು ಸಿಕ್ಕಿಸಿ ಇಬ್ಬರೂ ಜಗ್ಗಿದೆವು. ಫಟ್ ಎಂದು ಬೋಲ್ಟು ಸಡಿಲಿತು, ನಾನು ತುಳಸಿಕಟ್ಟೆಗೆ ಹೋಗಿ ಬಿದ್ದೆ. ತುಳಸಿಗೆ ಏನೂ ಆಗಲಿಲ್ಲ. ಅದೊಂದು ಪುಣ್ಯ.

ಹಳೆಯ ಬುಶ್ಶುಗಳು ತಮ್ಮ ಗೂಡು ಬಿಟ್ಟು ಹೊರಡಲು ಒಪ್ಪಲಿಲ್ಲ. ನಮ್ಮವರು ಒನಕೆಯನ್ನು ಗುರಿಯಿಟ್ಟು ಹಿಡಿದರು, ನಾನು ಗುಂಡುಕಲ್ಲಿನಿಂದ ಗುದ್ದಿದೆ. ಎದುರುಮನೆಯ ಸಾಕಮ್ಮ ಗೇಟಿಗೆ ಬಂದು, "ಏನ್ ಸಾವಿತ್ರಿ, ಕಾರಿಗೆ ಭತ್ತ ಹುಯ್ದು ಕುಟ್ತಿದ್ದೀಯಾ?" ಎಂದರು. ಇನ್ನೊಂದು ಗುದ್ದು ಜೋರಾಗಿ ಹಾಕಿದೆ. ಸಂಜೆಯ ಹೊತ್ತಿಗೆ ನಾಲ್ಕೂ ಬುಶ್ಶು ಹೊರಬಂದವು. ಇಡಿಯಾಗಿ ಅಲ್ಲ; ಒಣಗಿದ ಹುಣಸೆಹಣ್ಣಿನ ಹಾಗೆ, ತುಂಡುತುಂಡಾಗಿ.

ಇಲ್ಲಿ ಒಂದು ವಿವರಣೆ ಅಗತ್ಯ. ಗ್ಯಾಸ್ಕೆಟ್ ಕೊಳ್ಳುವ ಕ್ರಮ ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಾಳೆ: ಮೊದಲು ಹಳೆಯದನ್ನು ತೆಗೆಯಬೇಕು, ಅಂಗಡಿಗೆ ಒಯ್ಯಬೇಕು, ಅಳತೆ ತೋರಿಸಿ ಹೊಸದನ್ನು ತರಬೇಕು. ಅದೇ ಶಾಸ್ತ್ರೋಕ್ತ ಕ್ರಮವನ್ನು ನಾನು ಪಾಲಿಸಿದೆ. ಶನಿವಾರ ಬೆಳಿಗ್ಗೆ ತುಂಡುಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೆದ್ದಾರಿಯ ಬಿಡಿಭಾಗದ ಅಂಗಡಿಗೆ ಹೋದೆ.

ಅಂಗಡಿಯವನು ಕವರಿನೊಳಗೆ ಇಣುಕಿ, "ಇದೇನಕ್ಕ, ಉಪ್ಪಿನಕಾಯಾ?" ಎಂದ.

"ಬುಶ್ಶು. ಇದೇ ಸೈಜಿಂದು ನಾಕು ಕೊಡಪ್ಪ."

"ಈ ಕಾರಿಂದು ಇಲ್ಲಿ ಯಾರೂ ಮಡಗಾಕಿಲ್ಲ. ಬೆಂಗಳೂರಿಗೆ ಹೇಳಿ ತರಿಸ್ಬೇಕು. ನಾಕೈದು ದಿವ್ಸ ಆಯ್ತದೆ. ತರಿಸೋಗಂಟ ಹಳೇದನ್ನೇ ಇಟ್ಕೊಂಡಿರಿ."

ಹಳೆಯದು ಕವರಿನಲ್ಲಿತ್ತು!

ಮನೆಗೆ ಬಂದಾಗ ನಮ್ಮವರು ಕಾರಿನ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಕಾರು ಕಲ್ಲಿನ ಮೇಲೆ ಕೂತಿತ್ತು. ಇಬ್ಬರ ಮುಖವೂ ಒಂದೇ ಥರ ಇತ್ತು. ಅಷ್ಟರಲ್ಲಿ ನನ್ನ ಮೈದುನ ಕೆಂಪಣ್ಣ ಬಂದ. ನಮ್ಮದು ಚನ್ನಪಟ್ಟಣ; ಮನೆಯ ಹಿಂದೆಯೇ ಅವನ ಮರದ ಬೊಂಬೆ ಕಾರ್ಖಾನೆ. ಬುಗುರಿ, ಗಿಲಕಿ, ಪುಟಾಣಿ ಎತ್ತಿನಗಾಡಿ, ಏನು ಬೇಕಾದರೂ ಲೇತಿನ ಮೇಲೆ ಕಡೆಯುತ್ತಾನೆ.

"ಇಷ್ಟೇನಾ ಅತ್ತಿಗಮ್ಮ?" ಎಂದು ಗೂಡಿನ ಅಳತೆ ತೆಗೆದುಕೊಂಡ. "ಬೊಂಬೆ ಮಾಡೋ ಆಲೆಮರದಲ್ಲಿ ಕಡ್ದು ಕೊಟ್ಬುಡ್ತೀನಿ ಬುಡಿ. ಸಂಜೆಗೆ ಬತ್ತೀನಿ."

"ಮರದ್ದಾ ಲೇ? ರಬ್ಬರ್ ಜಾಗಕ್ಕೆ?" ಎಂದರು ನಮ್ಮವರು.

"ಯಾಕಣ್ಣ, ಎತ್ತಿನಗಾಡಿ ಓಡ್ತಿರ್ಲಿಲ್ವಾ ಮರದಲ್ಲಿ?"

ಈ ಮಾತನ್ನು ನಾವಿಬ್ಬರೂ ಒಪ್ಪಿದೆವು. ಒಪ್ಪಬಾರದಿತ್ತು. ಕೆಂಪಣ್ಣ ಹೋದವನು ತಿರುಗಿ ಬಂದು ಕೇಳಿದ: "ಬಣ್ಣ ಯಾವ್ದು ಹಾಕ್ಲಿ?"

ಗ್ಯಾರೇಜಿನವನು ಈ ಪ್ರಶ್ನೆ ಕೇಳುತ್ತಾನಾ? ನನಗೆ ಕಣ್ಣು ತುಂಬಿ ಬಂತು. "ಶುಭಕಾರ್ಯಕ್ಕೆ ಹೋಗೋದಲ್ವಾ ಕೆಂಪಣ್ಣ, ಅರಿಶಿನ ಕುಂಕುಮದ ಬಣ್ಣ ಇರ್ಲಿ," ಎಂದೆ.

ಸಂಜೆ ಬುಶ್ಶುಗಳು ಬಂದವು. ಹಳದಿ ಮೈ, ಮೇಲೂ ಕೆಳಗೂ ಕೆಂಪು ಪಟ್ಟಿ, ಬೋಲ್ಟಿಗೆಂದು ನಡುವೆ ತೂತು. ಅರಗಿನ ಬಣ್ಣ ಹಚ್ಚಿ, ತಾಳೆಗರಿಯಲ್ಲಿ ಉಜ್ಜಿದ್ದರಿಂದ ಮುಖ ಕಾಣುವಷ್ಟು ಹೊಳಪು. ಒಂದು ಹೆಚ್ಚಿಗೆ ಇರಲಿ ಎಂದು ಐದು ಮಾಡಿದ್ದ. ದೇವರ ಮುಂದಿಟ್ಟು ಹೂ ಏರಿಸಿದೆ. ಇಷ್ಟು ಚಂದದ್ದನ್ನು ಕಾರಿನ ಅಡಿಗೆ ಹಾಕುವುದೇ ಎಂದು ಒಂದು ಗಳಿಗೆ ಸಂಕಟವಾಯಿತು. ಆದರೂ ಹಾಕಿದೆವು. ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ಗುಡುಗುಡು ಪೂರ್ತಿ ನಿಂತಿತ್ತು! ಗೇಟಿನಲ್ಲಿದ್ದ ಸಾಕಮ್ಮನವರಿಗೆ ಕೇಳುವಂತೆ, "ಎಲ್ಲಾ ಮನೇಲೇ ಮಾಡ್ಕೊಂಡೋ," ಎಂದೆ. ಆ ಮಾತಿಗೆ ದೃಷ್ಟಿ ತೆಗೆಯಬೇಕಿತ್ತು.

ಭಾನುವಾರ ಬೆಳಿಗ್ಗೆ ಹೊರಟೆವು. ತೊಡೆಯ ಮೇಲೆ ಸೀರೆ, ಮಡಿಲಕ್ಕಿಯ ಗಂಟು, ಎಲೆಅಡಿಕೆಯ ತಟ್ಟೆ. ಕಾಲಬಳಿ ಮೊಸರಿನ ಕ್ಯಾನು. ಬ್ಯಾಗಿನಲ್ಲಿ ಉಳಿದೊಂದು ಬುಶ್ಶು. ಊರು ದಾಟಿ ಸಾತನೂರು ದಾರಿ ಹಿಡಿಯುತ್ತಲೇ ರಬ್ಬರು ಯಾಕೆ ಬೇಕು ಎಂಬುದು ತಿಳಿಯತೊಡಗಿತು. ರಬ್ಬರಿದ್ದರೆ ಹೊಂಡ ಕಾರಿಗೆ ಸೇರಿದ್ದು. ಮರವಿದ್ದರೆ ನಮಗೆ! ದಾರಿಯ ಒಂದೊಂದು ಜಲ್ಲಿಕಲ್ಲೂ ನನ್ನ ಬೆನ್ನುಹುರಿಯನ್ನು ಹೆಸರು ಹಿಡಿದು ಮಾತಾಡಿಸಿತು. ಮಾತಾಡಲು ಬಾಯಿ ತೆರೆದರೆ ಹಲ್ಲು ತಾಳ ಹಾಕುತ್ತಿತ್ತು.

ಆಮೇಲೆ ಕಿರುಗುಟ್ಟುವುದು ಶುರುವಾಯಿತು. ಕೀಂಯ್! ಎಣ್ಣೆ ಕಾಣದ ಗಾಣದ ಹಾಗೆ.

"ಏನ್ರೀ ಅದು?"

"ನಿನ್ನ ಅರಿಶಿನ ಕುಂಕುಮ," ಎಂದರು ನಮ್ಮವರು, ರಸ್ತೆಯಿಂದ ಕಣ್ಣು ತೆಗೆಯದೆ.

ಒಂದೊಂದು ಹಂಪ್ಸಿಗೆ ಒಬ್ಬೊಬ್ಬ ದೇವರನ್ನು ನೆನೆದೆ. ಸಾತನೂರು ಬರುವಷ್ಟರಲ್ಲಿ ಮನೆದೇವರು, ಊರದೇವರು, ತವರಿನ ದೇವರು ಎಲ್ಲರೂ ಮುಗಿದು ಮತ್ತೆ ಮೊದಲಿನಿಂದ ಶುರುಮಾಡಿದೆ. ಅರಗು ಕಾದ ವಾಸನೆ ಬಂತು, ಥೇಟ್ ಕೆಂಪಣ್ಣನ ಕಾರ್ಖಾನೆಯದೇ. ಉಯ್ಯಂಬಳ್ಳಿಗೆ ಇನ್ನೂ ದಾರಿ ಇತ್ತು. ಟಪ್! ಟಪ್! ಎಂದು ಸೌದೆ ಸೀಳಿದಂತೆ ಸದ್ದಾಯಿತು. ಕಾರು ಒಂದು ಕಡೆಗೆ ಕುಸಿದು, ಬೇಲಿಯ ಪಕ್ಕ ಅಚ್ಚುಕಟ್ಟಾಗಿ ನಿಂತಿತು. ಮೊಸರಿನ ಕ್ಯಾನು ಮಾತ್ರ ನಿಲ್ಲಲಿಲ್ಲ. ನಮ್ಮಿಬ್ಬರಿಗೆ ಗಾಯವಿಲ್ಲ, ಅಕ್ಕಿ ಚೆಲ್ಲಲಿಲ್ಲ, ಸೀರೆಗೆ ಮೊಸರು ತಾಗಲಿಲ್ಲ. ನನ್ನ ಕಾಲಿಗೆ ಮಾತ್ರ ಅಭಿಷೇಕ.

ಫೋನು ಬಡಿದುಕೊಂಡಿತು. ಜಯ. "ಅಕ್ಕ, ಎಲ್ಲಿದ್ದೀಯಾ? ಒಲೆ ಹಚ್ಚಬೇಕಂತೆ. ಅತ್ತೆ ಬಾಗಿಲಲ್ಲೇ ನಿಂತವ್ರೆ."

"ಬಂದ್ಬುಟ್ಟೋ ಕಣಮ್ಮಿ!" ಎಂದೆ. ಯಾವುದರಲ್ಲಿ ಎಂದು ಗೊತ್ತಿರಲಿಲ್ಲ.

ದೇವರು ದೊಡ್ಡವನು. ಒಂದು ಲಗೇಜ್ ಆಟೊ ಬಂತು. ಒಳಗೆ ಕುರಿ. ಓಡಿಸುತ್ತಿದ್ದ ಹಿರಿಯರು ಕಾರನ್ನೂ ನನ್ನ ರೇಷ್ಮೆ ಸೀರೆಯನ್ನೂ ನೋಡಿ, "ಹಿಂದ್ಗಡೆ ಹತ್ತವ್ವ, ಒಸಿ ಅಡ್ಜಸ್ಟ್ ಮಾಡ್ಕೊ. ಕುರಿ ಏನೂ ಅನ್ನಾಕಿಲ್ಲ," ಎಂದರು. ನಿಜ, ಅವು ಏನೂ ಅನ್ನಲಿಲ್ಲ. ಮಾತಿಲ್ಲದೆ ತಟ್ಟೆಯ ವೀಳ್ಯದೆಲೆಯನ್ನೆಲ್ಲ ತಿಂದವು.

ನಾವಿಬ್ಬರೂ ಮನೆ ಮುಂದೆ ಇಳಿದಾಗ ಚಪ್ಪರದ ತುಂಬ ಜನ. ನನ್ನ ಹಿಂದೆಯೇ ಒಂದು ಕುರಿಯೂ ಇಳಿದು, ನೆಟ್ಟಗೆ ಹೋಗಿ ಬಾಗಿಲ ತೋರಣಕ್ಕೆ ಬಾಯಿ ಹಾಕಿತು. ತಂಗಿಯ ಅತ್ತೆ ಆಟೊ ಕಡೆ ಕೈ ತೋರಿಸಿದರು: "ನೋಡಮ್ಮಿ ಜಯ, ನಿನ್ನ ತವರವ್ರು! ಒಬ್ಬಿಬ್ಬರಲ್ಲ, ಮಂದೇನೇ ಬಂದೈತೆ!"

ಚಪ್ಪರವೆಲ್ಲ ನಕ್ಕಿತು. ನಾನು ನೆಲ ನೋಡಿದೆ. ಜಯ ಮಾತ್ರ ಓಡಿಬಂದು, ನನ್ನ ಮೈಮೇಲಿನ ಕುರಿವಾಸನೆಯನ್ನೂ ಲೆಕ್ಕಿಸದೆ, ಸೆರಗೊಡ್ಡಿ ನಿಂತಳು. "ತುಂಬಕ್ಕ," ಎಂದಳು, ಅಷ್ಟೇ. ಸೀರೆ ಕೊಟ್ಟು ಮಡಿಲಕ್ಕಿ ತುಂಬಿದೆ. ಆಮೇಲೆ ಹಾಲು ಉಕ್ಕಿತು, ಸರಿಯಾಗಿ ಮೂಡಣಕ್ಕೆ.

ಎಲ್ಲ ಮುಗಿದ ಮೇಲೆ ಎಲೆಯಿಲ್ಲದ ಅಡಿಕೆತಟ್ಟೆ ನೋಡಿ ಅತ್ತೆಯವರು ಹುಬ್ಬೇರಿಸಿದರು. ಎಲೆ ಏನಾದರೂ ಉಳಿದಿದೆಯೇ ಎಂದು ನಾನು ಬ್ಯಾಗು ತಡಕುತ್ತಿದ್ದಾಗ ಆ ಐದನೆಯ ಬುಶ್ಶು ಉರುಳಿ ಅವರ ಕಾಲ ಬಳಿಯೇ ನಿಂತಿತು. ಎತ್ತಿಕೊಂಡು, ತಿರುಗಿಸಿ, ತೂತಿನೊಳಗೆ ಬೆರಳಾಡಿಸಿದರು.

"ಅಗರಬತ್ತಿ ಸ್ಟ್ಯಾಂಡಾ? ಚನ್ನಪಟ್ಟಣದ್ದಾ? ಎಷ್ಟು ನಾಜೂಕಾಗೈತೆ! ಎಲೆ ಇಲ್ದೆ ಹೋದ್ರೂ ನಿಮ್ಮಕ್ಕ ಒಳ್ಳೇ ವಸ್ತುವೇ ತಂದವ್ಳೆ ಕಣಮ್ಮಿ ಜಯ!"

ಜಯಳ ಮುಖ ಅರಳಿತು. ನಮ್ಮವರು ನನ್ನ ಕಿವಿಯ ಹತ್ತಿರ ಬಗ್ಗಿ, "ಇನ್ನೂ ನಾಕು ಸ್ಟ್ಯಾಂಡು ದಾರೀಲಿ ಬಿದ್ದವೆ ಅಂತ ಹೇಳ್ಲಾ?" ಎಂದರು. ಅವರ ಕಾಲು ತುಳಿದೆ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಗ್ಯಾರೇಜಿಗೆ ಸಾಗಿಸಿದೆವು. ಬಣ್ಣಬಣ್ಣದ ಚೂರುಗಳನ್ನು ಗ್ಯಾರೇಜಿನವನು ಒಂದೊಂದಾಗಿ ಹೊರತೆಗೆದು ನಮ್ಮೆದುರು ಸಾಲಾಗಿ ಜೋಡಿಸಿದ. ಈಗ ರಬ್ಬರಿನವೇ ಇವೆ, ಅವನೇ ಹಾಕಿದ್ದು.

ಮೊನ್ನೆ ಜಯಳ ಮನೆಗೆ ಹೋಗಿದ್ದೆ, ಬಸ್ಸಿನಲ್ಲಿ. ಅತ್ತೆಯವರು ದೇವರ ಮುಂದೆ ನನ್ನ ಬುಶ್ಶಿಗೆ ಅಗರಬತ್ತಿಯ ಕಟ್ಟನ್ನೇ ಸಿಕ್ಕಿಸಿ ಹಚ್ಚಿದರು. ಎಲ್ಲರೂ ಕೈ ಮುಗಿದರು. ನಾನೂ ಭಕ್ತಿಯಿಂದ ಮುಗಿದೆ. ನಾನು ಮಾಡಿದ ಅಷ್ಟೂ ರಿಪೇರಿಯಲ್ಲಿ ಅಲುಗಾಡದೆ ನಿಂತಿರುವುದು ಅದೊಂದೇ!