ಭಾವನ ಕೋವಿ, ಅಕ್ಕನ ಬೀಗದ ಕೈ

ಕೋವಿ ಇಟ್ಟುಕೊಂಡವರನ್ನು ಕಂಡರೆ ಜನ ಹೆದರುತ್ತಾರೆ. ನಮ್ಮ ಭಾವನನ್ನು ಕಂಡರೆ ನೈರೋಬಿಯ ಸ್ಪ್ರಿಂಗ್ ವ್ಯಾಲಿಯ ಕೋತಿಗಳೂ ಹೆದರುವುದಿಲ್ಲ! ಇದೇನೋ ನಾದಿನಿಯ ಕೊಂಕು ಎಂದುಕೊಳ್ಳಬೇಡಿ. ಅವರ ಮನೆಯ ಕಾಂಪೌಂಡಿನ ಮೇಲೆ ಸಾಲಾಗಿ ಕೂತು, ಅವರದೇ ಗಿಡದ ಬಾಳೆಹಣ್ಣು ಸುಲಿದು, ಸಿಪ್ಪೆಯನ್ನು ಅವರದೇ ಕಾರಿನ ಮೇಲೆ ಎಸೆಯುವ ಆ ಕೋತಿಗಳನ್ನೇ ಬೇಕಾದರೆ ಕೇಳಿ.

ಭಾವ ಕೊಡಗಿನವರು. ವೃತ್ತಿಯಲ್ಲಿ ಅರಿವಳಿಕೆ ತಜ್ಞರು. ನೈರೋಬಿಯ ಆಸ್ಪತ್ರೆಗಳಲ್ಲಿ ಸಿಕ್ಕವರನ್ನೆಲ್ಲ ಮಲಗಿಸಿದ ಈ ಮಹಾನುಭಾವರು ಮನೆಯಲ್ಲಿ ಮಾತ್ರ ಒಬ್ಬರನ್ನೂ ನೆಮ್ಮದಿಯಾಗಿ ಮಲಗಲು ಬಿಟ್ಟವರಲ್ಲ. ನಮ್ಮಕ್ಕ ಮೈಸೂರಿನವಳು, ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆಯಿಂದ ಹೊರಟು ಕೋವಿಯ ಮನೆಗೆ ಸೊಸೆಯಾದಳು. ಮದುವೆಯ ದಿನ ಭಾವನ ಕಡೆಯವರು ಸಂಪ್ರದಾಯದಂತೆ ಗುಂಡು ಹಾರಿಸಿದಾಗ ನಮ್ಮಮ್ಮ, ‘ಅಯ್ಯೋ, ಗಲಾಟೆ ಶುರುವಾಯ್ತು, ಮಗಳನ್ನ ವಾಪಸ್ ಕರ್ಕೊಂಡ್ ಬನ್ರೋ!’ ಎಂದು ಕೂಗಿಕೊಂಡದ್ದು ಎರಡೂ ಮನೆತನಗಳಲ್ಲಿ ಇಂದಿಗೂ ಪ್ರಸಿದ್ಧ. ಬ್ಯಾಂಕಿನವರು ನನ್ನನ್ನು ನೈರೋಬಿಗೆ ಕಳಿಸಿದ ಮೇಲೆ ನನ್ನ ಭಾನುವಾರದ ಊಟ ಅಕ್ಕನ ಮನೆಯಲ್ಲೇ. ಹರ್ಲಿಂಗ್‌ಹ್ಯಾಮ್‌ನ ನನ್ನ ಫ್ಲ್ಯಾಟಿನಿಂದ ಹೊರಡುವಾಗಲೇ ಹಸಿವಾಗುತ್ತಿತ್ತು.

ಕೋವಿ ಬಂದದ್ದು ಎದುರುಮನೆಯ ಅಸ್ಕಾರಿ ಸತ್ತ ಮೇಲೆ. ಅಸ್ಕಾರಿ ಎಂದರೆ ಇಲ್ಲಿ ಗೇಟು ಕಾಯುವವನು. ಕಳ್ಳರು ಅವನ ತಲೆಗೆ ಹೊಡೆದು ಹೋಗಿದ್ದರು. ಗೇಟಿನ ಪಕ್ಕದಲ್ಲಿ ಅವನದೇ ಕಂಬಳಿ ಹೊದಿಸಿ ಮಲಗಿಸಿದ್ದರು. ಮಕ್ಕಳ ಸ್ಕೂಲ್ ವ್ಯಾನು, ಆಫೀಸಿನ ಕಾರು, ಹಾಲಿನವನು, ಎಲ್ಲರೂ ಆ ಕಂಬಳಿಯನ್ನು ಬಳಸಿಕೊಂಡು ಓಡಾಡಿದರು. ಅವನ ಊರಿಗೆ ಯಾರು ಹೇಳಿದರೋ, ಹೇಳಿದರೋ ಇಲ್ಲವೋ, ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಭಾವ ಅವತ್ತು ಊಟಕ್ಕೆ ಏಳಲಿಲ್ಲ.

‘ಒಬ್ಬ ಮನುಷ್ಯ ಸತ್ರೆ ನಾಲ್ಕು ಜನಕ್ಕಾದ್ರೂ ಕೇಳಿಸ್ಬೇಕಮ್ಮ’ ಅಂದರು ನನ್ನತ್ತ ತಿರುಗಿ. ‘ಇದೇನು, ಬೆಕ್ಕು ಸತ್ತ ಹಾಗೆ!’

ಮುಂದೆ ಅರ್ಜಿ, ಪೊಲೀಸ್ ವಿಚಾರಣೆ ಎಲ್ಲ ಮುಗಿದು ಇಟಲಿಯಿಂದ ಬಂದ ಒಂದು ಸೆಮಿ ಆಟೊಮ್ಯಾಟಿಕ್ ಕೋವಿ ಮನೆ ಸೇರಿತು. ಎಲ್ಲವೂ ಕಾನೂನು ಪ್ರಕಾರ! ಕೋವಿಯನ್ನು ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕೆಂದು ಹೇಳಿದ್ದರು. ಭಾವ ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿನಲ್ಲಿ ಪೆಟ್ಟಿಗೆ ಮಾಡಿಸಿದರು. ಪೆಟ್ಟಿಗೆಯೇ ಅದು? ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನೇ ಅಂಥದ್ದನ್ನು ನೋಡಿರಲಿಲ್ಲ. ಬಾಗಿಲು ಮುಚ್ಚಿದರೆ ‘ಢಮ್’ ಎಂದು ಕಿಟಕಿಯ ಗಾಜೆಲ್ಲ ನಡುಗುತ್ತಿತ್ತು.

‘ರೀ, ಮೆಲ್ಲಗೆ! ಊರೆಲ್ಲ ಕೇಳಿಸುತ್ತೆ!’ ಎಂದು ಅಕ್ಕ ಅಡುಗೆಮನೆಯಿಂದ ಕೂಗುತ್ತಿದ್ದಳು. ಪ್ರತಿಸಲವೂ.

ಪೆಟ್ಟಿಗೆಗೆ ಎರಡು ಬೀಗ. ಒಂದರ ಕೈ ಭಾವನ ಬಳಿ. ಇನ್ನೊಂದು ಅಕ್ಕನ ಕೊರಳಲ್ಲಿ, ಕರಿಮಣಿಯ ಜೊತೆ. ಅದು ಸರ್ಕಾರದ ಕಾನೂನಲ್ಲ, ಅಕ್ಕನ ಕಾನೂನು; ಹಾಗಾಗಿ ತಿದ್ದುಪಡಿಯ ಪ್ರಶ್ನೆಯೇ ಇರಲಿಲ್ಲ! ಕೋತಿ ಬಂದರೆ ಭಾವ ಕನ್ನಡಕ ಹುಡುಕಿ, ತಮ್ಮ ಬೀಗದ ಕೈ ಹುಡುಕಿ, ಆಮೇಲೆ ಅಕ್ಕನನ್ನು ಹುಡುಕಬೇಕು. ಅಕ್ಕನ ಕೈಯಲ್ಲಿ ದೋಸೆ ಹಿಟ್ಟು. ‘ಇರಿ, ಇದೊಂದು ತಿರುವಿ ಹಾಕಿ ಬರ್ತೀನಿ.’ ಅಷ್ಟರಲ್ಲಿ ಕೋತಿ ಗೊನೆ ಮುಗಿಸಿ ತೇಗಿ ಹೋಗಿರುತ್ತಿತ್ತು. ಕಳ್ಳರು ಬಂದರೂ ಇದೇ ಕ್ರಮ ತಾನೇ? ‘ಸ್ವಲ್ಪ ಕೂತಿರಿ, ದೋಸೆ ತಿನ್ನಿ, ಬೀಗದ ಕೈ ಬರ್ತಾ ಇದೆ’ ಎನ್ನಬೇಕಿತ್ತು.

ಅಸಲಿಗೆ ಕೋವಿ ಇದ್ದದ್ದು ಕಳ್ಳರಿಗಲ್ಲ. ಆ ವರ್ಷದ ಕೈಲ್‌ಪೊಳ್ದ್ ದಿನ ಅದು ಬಯಲಾಯಿತು. ಕೊಡವರ ಮನೆಗಳಲ್ಲಿ ಅವತ್ತು ಆಯುಧಗಳಿಗೆ ಪೂಜೆ. ಕೋವಿಯ ನಳಿಗೆಯ ತುದಿಗೆ ಒಂದು ಹೂ ಸಿಕ್ಕಿಸುತ್ತಾರೆ. ಅವರ ಮಾತಲ್ಲಿ ತೋಕ್‌ಪೂ, ಅಂದರೆ ಕೋವಿಯ ಹೂ. ನಾವು ಗೌರಿ ಹೂ ಅನ್ನುವ ಬೆಂಕಿ ಬಣ್ಣದ್ದು. ಅದು ಕೀನ್ಯಾದಲ್ಲೂ ಬೇಲಿಯಲ್ಲಿ ಬೆಳೆಯುತ್ತದೆಂದು ತಿಳಿದ ದಿನ ಭಾವನಿಗೆ ಈ ದೇಶ ತಮ್ಮದೇ ಅನ್ನಿಸಿಬಿಟ್ಟಿತ್ತು. ಪೂಜೆ ಮುಗಿಸಿ ಹೇಳಿದರು: ‘ನಮ್ಮಲ್ಲಿ ಯಾರಾದ್ರೂ ತೀರಿಕೊಂಡ್ರೆ ಒಂದರ ಹಿಂದೆ ಒಂದು, ಎರಡು ಗುಂಡು ಹಾರಿಸ್ತೀವಿ. ಇಡೀ ಊರಿಗೆ ಗೊತ್ತಾಗುತ್ತೆ. ಕೆಲಸ ಬಿಟ್ಟು ಬರ್ತಾರೆ. ಇಲ್ಲಿ ನಮಗ್ಯಾರು ಹಾರಿಸ್ತಾರೆ? ಅದಕ್ಕೇ ಇದು. ಮಧ್ಯೆ ಮತ್ತೆ ತುಂಬೋ ಕೆಲಸ ಇಲ್ಲ, ಎರಡು ಸಲ ಟ್ರಿಗರ್ ಒತ್ತಿದ್ರೆ ಮುಗೀತು.’

‘ಡ್ಯಾಡ್, ದಿಸ್ ಈಸ್ ನಾಟ್ ನಾರ್ಮಲ್’ ಅಂದಳು ಮಗಳು. ನೈರೋಬಿಯಲ್ಲೇ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅಕ್ಕ ಮಾತ್ರ ಕಡುಬು ಬಡಿಸುತ್ತಾ, ‘ಗಂಡುಮಗು ಹುಟ್ಟಿದ್ರೆ ಒಂದು ಗುಂಡು ಹಾರಿಸ್ತಾರಂತೆ, ನನ್ನ ಮಗಳು ಹುಟ್ಟಿದಾಗ ನಿಮ್ಮ ಕೋವಿಗೆ ಬಾಯೇ ಇರ್ಲಿಲ್ಲ. ನಾನು ಸತ್ತಾಗ ಎರಡೂ ಹಾರಿಸ್ಬೇಕು. ಮೈಸೂರಿನವಳು ಅಂತ ಒಂದಕ್ಕೆ ಮುಗಿಸಿದ್ರೆ ನೋಡಿ!’ ಅಂದಳು.

‘ಎರಡು. ಮಾತು ಕೊಟ್ಟೆ’ ಅಂದರು ಭಾವ. ಅವರಿಗೆ ತಮಾಷೆ ಯಾವುದು, ಆಣೆ ಯಾವುದು ಎಂದು ಯಾವತ್ತೂ ತಿಳಿದದ್ದಿಲ್ಲ!

ಮರುವಾರವೇ ಪೊಲೀಸ್ ಠಾಣೆಗೆ ಹೋದರು. ಮನೆಗಳ ನಡುವೆ ಗುಂಡು ಹಾರಿಸಬೇಕಾದರೆ ಅನುಮತಿ ಬೇಡವೇ? ಮುಂಚಿತವಾಗಿ ಕೇಳಿಟ್ಟುಕೊಳ್ಳೋಣ ಎಂದು. ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಅಧಿಕಾರಿ ಪೆನ್ನು ತೆಗೆದು ಕೇಳಿದ:

‘ಯಾರು ಸತ್ತಿದ್ದಾರೆ?’

‘ಬಾಡೋ’ ಅಂದರು ಭಾವ. ಸ್ವಾಹಿಲಿಯಲ್ಲಿ ಹಾಗೆಂದರೆ ‘ಇನ್ನೂ ಇಲ್ಲ’.

‘ಹಾಗಾದರೆ ಯಾರು ಸಾಯುವವರು?’

‘ನಾನು. ಇಲ್ಲದಿದ್ದರೆ ನನ್ನ ಹೆಂಡತಿ.’

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. ‘ಮೊದಲು ಸತ್ತು, ಆಮೇಲೆ ಬನ್ನಿ ಡಾಕ್ಟರ್.’

ಅಷ್ಟರಲ್ಲಿ ಕಾನೂನು ಬದಲಾಯಿತು. ಪರವಾನಗಿ ಇದ್ದವರೆಲ್ಲ ಮತ್ತೆ ಪರೀಕ್ಷೆಗೆ ಬರಬೇಕು, ಮನಸ್ಸು ಸರಿಯಿದೆಯೆಂದು ವೈದ್ಯರಿಂದ ಬರೆಸಿ ತರಬೇಕು ಎಂದಾಯಿತು. ಹೊರದೇಶದ ಸೆಮಿ ಆಟೊಮ್ಯಾಟಿಕ್ ಕೋವಿಗಳನ್ನು ಮನೆಯಲ್ಲಿ ಇಡಬಹುದೋ ಬಾರದೋ ಎಂಬುದು ಒಂದೊಂದು ಕೌಂಟರಿನಲ್ಲಿ ಒಂದೊಂದು ರೀತಿ. ಒಬ್ಬ, ‘ಇದು ಪೂರ್ತಿ ಆಟೊಮ್ಯಾಟಿಕ್ ಅಲ್ಲವಲ್ಲ, ಚಿಂತೆಯಿಲ್ಲ’ ಎಂದ. ಪಕ್ಕದವನು, ‘ಅರ್ಧ ಆಟೊಮ್ಯಾಟಿಕ್ ಆದರೂ ಪೂರ್ತಿ ಅಪರಾಧ’ ಎಂದ.

ಮನೋವೈದ್ಯರು ಭಾವನ ಹಳೆಯ ಗೆಳೆಯರೇ. ಸುಮ್ಮನೆ ರೂಢಿಗೆಂದು ಕೇಳಿದರು, ‘ಕೋವಿ ಯಾತಕ್ಕೆ?’

‘ಹೆಂಡತಿಗೆ’ ಅಂದರು ಭಾವ.

ಸರ್ಟಿಫಿಕೇಟು ಬರಲು ತಿಂಗಳುಗಟ್ಟಲೆ ಹಿಡಿಯಿತು! ವೈದ್ಯರು ಗುಟ್ಟಾಗಿ ಅಕ್ಕನಿಗೆ ಫೋನ್ ಮಾಡಿ, ಮನೆಯಲ್ಲಿ ಏನಾದರೂ ಭಯವಿದೆಯೇ ಎಂದು ವಿಚಾರಿಸಿದರಂತೆ. ‘ಏನೂ ಇಲ್ಲ ಡಾಕ್ಟ್ರೇ, ಬೀಗದ ಕೈ ನನ್ನ ಕೊರಳಲ್ಲೇ ಇದೆ’ ಅಂದಳಂತೆ ಅಕ್ಕ.

ಕೊನೆಗೆ ಪರವಾನಗಿ ಕಚೇರಿಯ ಒಬ್ಬ ಹಿರಿಯ ಹೆಂಗಸು ತೀರ್ಪು ಹೇಳಿದಳು: ಇಂಥ ಕೋವಿಯನ್ನು ಇನ್ನು ಸಾಮಾನ್ಯ ಜನ ಇಟ್ಟುಕೊಳ್ಳುವಂತಿಲ್ಲ, ಗಡುವಿನೊಳಗೆ ಒಪ್ಪಿಸಬೇಕು, ತಪ್ಪಿದರೆ ಜೈಲು. ಭಾವ ಬಿಟ್ಟಾರೆಯೇ? ಕೊಡವರಿಗೆ ಊರಲ್ಲಿ ಕೋವಿಗೆ ಲೈಸೆನ್ಸೇ ಬೇಡ, ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ನನ್ನ ಅಜ್ಜ, ಮುತ್ತಜ್ಜ ಎಂದು ವಂಶಾವಳಿ ಬಿಚ್ಚಿದರು. ಆಕೆ ತಾಳ್ಮೆಯಿಂದ ಎಲ್ಲ ಕೇಳಿದಳು.

‘ನಿಮ್ಮ ಅಜ್ಜನ ವಿನಾಯಿತಿ ಒಪ್ಪಿದೆ ಡಾಕ್ಟರ್. ಆದರೆ ಈ ಕೋವಿ ಇಟಲಿಯದ್ದು.’

ಒಳ್ಳೆಯ ಹೆಂಗಸು. ಬೇಕಾದರೆ ಜೋಡುನಳಿಗೆಯ ಕೋವಿಗೆ ಹೊಸದಾಗಿ ಅರ್ಜಿ ಹಾಕಿ, ಒಂದೆರಡು ವರ್ಷದಲ್ಲಿ ಸಿಗಬಹುದು ಎಂದೂ ಹೇಳಿದಳು. ಭಾವ ಎದ್ದು ಬಂದರು. ಒಂದೆರಡು ವರ್ಷ! ಅಕ್ಕನ ಪ್ಯಾಂಕ್ರಿಯಾಸಿನ ಸ್ಕ್ಯಾನು ಆ ಬೆಳಗ್ಗೆಯಷ್ಟೇ ಅವರ ಕೈ ಸೇರಿತ್ತು. ಸ್ಕ್ಯಾನು ಓದಿಕೊಳ್ಳಲು ಅವರಿಗೆ ಇನ್ನೊಬ್ಬ ಡಾಕ್ಟರು ಬೇಕಿರಲಿಲ್ಲ, ಅದೇ ಕರ್ಮ.

ಅಲ್ಲಿಂದ ಆ ಮನೆಯಲ್ಲಿ ನಡೆದದ್ದನ್ನು ನಗುತ್ತಾ ಹೇಳಬೇಕೋ ಅಳುತ್ತಾ ಹೇಳಬೇಕೋ ನನಗೆ ತಿಳಿಯದು. ಒಂದು ಭಾನುವಾರ ಹೋದರೆ ಅಕ್ಕನ ವೀಣೆ ಬಾತ್‌ರೂಮಿನಲ್ಲಿ, ಬಕೆಟ್ಟಿನ ಪಕ್ಕ ನಿಂತಿತ್ತು. ವೀಣೆಯ ಪೆಟ್ಟಿಗೆಯಲ್ಲಿ ಕೋವಿ! ಅಟ್ಟಕ್ಕೆ ಹೊರಟಿತ್ತು. ಹಿಂದಿನ ದಿನ, ‘ನಿನ್ನ ವೀಣೆಗೆ ಧೂಳು ಹಿಡೀತು, ಒರೆಸ್ಬೇಕು’ ಎಂದು ಭಾವ ಅಕ್ಕನ ಹತ್ತಿರ ಬೀಗದ ಕೈ ಕೇಳಿದ್ದರಂತೆ. ವೀಣೆಗೆ ಬೀಗವೇ ಇಲ್ಲ. ಅಕ್ಕ ಏನೂ ಕೇಳದೆ ಬೀಗದ ಕೈ ಕೊಟ್ಟಿದ್ದಳು.

‘ರೀ, ಇಲ್ಲಿ ಬನ್ನಿ’ ಎಂದಳು ಹಾಸಿಗೆಯಿಂದಲೇ. ಆಗಲೇ ಅವಳ ಮುಖದಲ್ಲಿ ಕಣ್ಣು ಮಾತ್ರ ಉಳಿದಿತ್ತು. ‘ಒಪ್ಪಿಸಿಬಿಡಿ.’

‘ಮಾತು ಕೊಟ್ಟಿದ್ದೀನಿ ನಿಂಗೆ.’

‘ನೀವು ಹೋಗಿ ಜೈಲಲ್ಲಿ ಕೂತ್ರೆ ನನ್ನ ಬಾಯಿಗೆ ನೀರು ಬಿಡೋರು ಯಾರು? ಗುಂಡಿಲ್ದೆ ಸಾಯ್ತೀನಿ ರೀ. ನಿಮ್ಮ ಕೈಯಿಂದ ನೀರಿಲ್ದೆ ಸಾಯೋಕಾಗಲ್ಲ.’

ಭಾವ ಗೋಡೆ ನೋಡುತ್ತಾ ನಿಂತರು. ಊರಿನವರ ನೋವನ್ನೆಲ್ಲ ಕಾಣದ ಹಾಗೆ ಮಾಡಿದವರು, ಇವಳ ನೋವಿಗೆ ಡೋಸು ಏರಿಸಿ ಏರಿಸಿ ಸೋತಿದ್ದರು. ಈಗ ಉಳಿದಿದ್ದ ಒಂದೇ ಒಂದು ಕೆಲಸ, ಅದೂ ಕೈತಪ್ಪಿತು. ನನಗೆ ಅವರ ಮೇಲೂ, ಕಾನೂನಿನ ಮೇಲೂ, ದೇವರ ಮೇಲೂ ಸಿಟ್ಟು ಬಂತು.

ಒಪ್ಪಿಸುವುದಾದರೂ ಸಲೀಸೇ? ಆ ಕೋವಿಯನ್ನು ದೇಶಕ್ಕೆ ತರಿಸಿದ್ದು ಸರಿ, ಮನೆಯಲ್ಲಿ ಇಟ್ಟುಕೊಂಡಿರುವುದು ತಪ್ಪು, ಒಪ್ಪಿಸಲೆಂದು ರಸ್ತೆಗೆ ತಂದರೆ ಇನ್ನೂ ದೊಡ್ಡ ತಪ್ಪು! ಕೊನೆಗೆ ಪೊಲೀಸರೇ ಮನೆಗೆ ಬಂದರು, ಇಬ್ಬರು. ಕೋವಿ ಆಗಲೇ ಕಬ್ಬಿಣದ ಪೆಟ್ಟಿಗೆಗೆ ಮರಳಿತ್ತು. ಅಕ್ಕ ಕೊರಳಿನಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ಕೋವಿ ಹೊರಬಂದಾಗ ನಳಿಗೆಯ ತುದಿಯಲ್ಲಿ ಹೂವಿತ್ತು. ಭಾವ ಯಾವಾಗ ಸಿಕ್ಕಿಸಿದರೋ! ಕಿತ್ತು ತೆಗೆಯಬೇಕೇ ಎಂಬಂತೆ ಒಬ್ಬ ಪೊಲೀಸ್ ಇನ್ನೊಬ್ಬನ ಮುಖ ನೋಡಿದ. ಅವನು, ‘ಇರಲಿ ಬಿಡು’ ಎಂದ. ಹೂವಿನ ಸಮೇತ ಕೋವಿ ಹೊರಟಿತು. ಭಾವ ಖಾಲಿ ಪೆಟ್ಟಿಗೆಗೆ ಎರಡೂ ಬೀಗ ಹಾಕಿ, ಅಕ್ಕನ ಬೀಗದ ಕೈಯನ್ನು ಅಕ್ಕನ ಕೊರಳಿಗೇ ಹಾಕಿದರು. ಆ ದಿನ ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದ್ದರು.

ಆಮೇಲೆ ಅವರು ಹಾಸಿಗೆ ಬಿಟ್ಟು ಕದಲಲಿಲ್ಲ. ಬಾಗಿ ಬಾಗಿ ಅವಳ ಉಸಿರು ನೋಡುತ್ತಿದ್ದರು. ಅಕ್ಕ ಕಣ್ಣು ಮುಚ್ಚಿಕೊಂಡೇ, ‘ಬಾಡೋ, ಬಾಡೋ. ಹೋಗಿ ಕಾಫಿ ಕುಡೀರಿ’ ಅನ್ನುತ್ತಿದ್ದಳು. ನಾವು ಮೂವರೂ ನಗುತ್ತಿದ್ದೆವು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತು ಬರುತ್ತಿದ್ದೆ.

ಒಂದು ಬೆಳಗ್ಗೆ ಅವಳು ಹಾಗೆ ಅನ್ನಲಿಲ್ಲ. ಭಾವ ಚಮಚೆಯಲ್ಲಿ ನೀರು ಬಿಟ್ಟರು. ಅರ್ಧ ಒಳಗೆ ಹೋಯಿತು.

ಸ್ನಾನ ಮಾಡಿಸುವಾಗ ಅವಳ ಕೊರಳಿನ ಬೀಗದ ಕೈಯನ್ನು ನಾನೇ ತೆಗೆದು ಭಾವನಿಗೆ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಕಾಂಪೌಂಡು ತುಂಬಿತ್ತು: ಆಸ್ಪತ್ರೆಯವರು, ಅವಳಲ್ಲಿ ಲೆಕ್ಕ ಕಲಿತ ಮಕ್ಕಳು, ನಮ್ಮ ಕನ್ನಡದವರು. ಎತ್ತುವ ಸಮಯವಾಯಿತು. ಭಾವ ಎಲ್ಲಿ ಎಂದು ಮಗಳು ಕೇಳಿದಳು. ‘ವೇರ್ ಈಸ್ ಡ್ಯಾಡ್?’

ಒಳಗಿನಿಂದ, ಢಮ್!

ಜನ ಬೆಚ್ಚಿಬಿದ್ದರು. ಕಾಂಪೌಂಡಿನ ಮೇಲಿದ್ದ ಕೋತಿಗಳು, ಅಷ್ಟೂ ವರ್ಷಗಳಲ್ಲಿ ಮೊದಲ ಸಲ, ಚೆಲ್ಲಾಪಿಲ್ಲಿಯಾಗಿ ಓಡಿದವು. ಮತ್ತೆ, ಢಮ್! ಬೀದಿಯ ಅಸ್ಕಾರಿಗಳೆಲ್ಲ ಗೇಟಿಗೆ ಓಡಿಬಂದರು. ಅಕ್ಕನನ್ನು ಕಂಡು ಒಬ್ಬೊಬ್ಬರಾಗಿ ಟೋಪಿ ತೆಗೆದು ನಿಂತರು.

ನಾನು ಒಳಗೆ ಓಡಿದೆ. ಭಾವ ಖಾಲಿ ಪೆಟ್ಟಿಗೆಯ ಮುಂದೆ, ಬಾಗಿಲಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದರು. ಅಡುಗೆಮನೆಯ ಕಡೆಗೆ ಕಿವಿಯಾನಿಸಿದ್ದರು. ಅಲ್ಲಿಂದ ಯಾರೂ ಕೂಗಲಿಲ್ಲ.

‘ಮೆಲ್ಲಗೆ ಭಾವ’ ಅಂದೆ. ‘ಊರೆಲ್ಲ ಕೇಳಿಸುತ್ತೆ.’

‘ಕೇಳಿಸ್ಲಿ’ ಅಂದರು ಭಾವ. ‘ಕೇಳಿಸ್ಲಿ ಅಂತಲೇ ಅಲ್ವೇನಮ್ಮ.’